ಬೆನ್ನ ಕಾವಲು

ಒಂದಾನೊಂದು ಊರಿನ ಕಾಲೇಜಿನಲ್ಲಿ ಹುಡುಗಿಯರು ಏಳು ಸಮುದ್ರದಾಚೆಯ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದರಂತೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕಸ್ತೂರಿ. ಎದುರಾಳಿಗಳು ಅವಳ ಬೆನ್ನಿಗೆ ನುಗ್ಗದಂತೆ ತಡೆಯುವವಳು ನೀಲವ್ವ. ಕಸ್ತೂರಿಯ ಗುರಿ ತಪ್ಪುತ್ತಲೇ ಇರಲಿಲ್ಲ. ಚಪ್ಪಾಳೆಯೆಲ್ಲ ಅವಳಿಗೆ, ಮೈಮೇಲಿನ ಬಾಸುಂಡೆಯೆಲ್ಲ ನೀಲವ್ವನಿಗೆ.

"ಚೆಂಡು ನನ್ನ ಕೈಯಾಗ ಕೊಟ್ಟು ನೋಡ್ರಿ ಸರ್, ಕೊನೇ ಗೆರಿ ದಾಟಿಸ್ತೇನಿ" ಎಂದು ನೀಲವ್ವ ಎಷ್ಟು ಸಲ ಮಾತು ಕೊಟ್ಟರೂ ಕೋಚ್ ನಕ್ಕುಬಿಡುತ್ತಿದ್ದರು.

ಹೊಟ್ಟೆಕಿಚ್ಚು ತಡೆಯಲಾರದೆ ಅವಳು ಒಂದು ದಿನ ಕಾಲು ಜಾರಿದವಳಂತೆ ಪಕ್ಕಕ್ಕೆ ಸರಿದಳು. ನುಗ್ಗಿ ಬಂದವಳ ಕೆಳಗೆ ಬಿದ್ದು ಕಸ್ತೂರಿಯ ಬೆರಳು ಮುರಿಯಿತು.

ಮುಂದಿನ ಪಂದ್ಯಕ್ಕೆ ಚೆಂಡು ನೀಲವ್ವನ ಕೈಗೆ ಬಂತು. ಅವಳ ಬೆನ್ನು ಕಾಯಲು ನಿಂತವಳು, ಬೆರಳಿಗೆ ಪಟ್ಟಿ ಕಟ್ಟಿಕೊಂಡ ಕಸ್ತೂರಿ.

"ಎಸಿಯಾಕ ಬೆರಳು ಬೇಕು. ಕಾಯಾಕ ಮೈ ಸಾಕು ಬಿಡವಾ" ಎಂದಳು.

ಚೆಂಡು ಎತ್ತಿದಾಗಲೆಲ್ಲ ನೀಲವ್ವ ಹಿಂದೆ ತಿರುಗಿ ನೋಡಿದಳು. ಎಸೆದದ್ದೆಲ್ಲ ಎಲ್ಲೆಲ್ಲೋ ಬಿತ್ತು.

"ಏನ್ ಹಿಂದ ಹಿಂದ ನೋಡ್ತೀ? ಒಬ್ಬಾಕಿನೂ ನಿನ್ನ ಮುಟ್ಟಿಲ್ಲ" ಎಂದಳು ಕಸ್ತೂರಿ.

"ನೀ ದಾರಿ ಬಿಟ್ರ?"

ಕಸ್ತೂರಿ ಅವಳ ಹೆಲ್ಮೆಟ್ ಹಿಡಿದು ಮುಖವನ್ನು ಎದುರಿಗೆ ತಿರುಗಿಸಿದಳು.

"ಅವತ್ತ ನೀ ಜಾರಲಿಲ್ಲ, ಬೇಕಂತನ ದಾರಿ ಬಿಟ್ಟಿ. ನನಗ ಗೊತ್ತೈತಿ. ನಾ ದಾರಿ ಬಿಡೂದಿಲ್ಲ. ಎಸಿ."

ನೀಲವ್ವ ತಿರುಗಿ ನೋಡದೆ ಎಸೆದಳು. ಚೆಂಡು ಕೊನೆಯ ಗೆರೆಯಾಚೆ ಓಡಿದ್ದ ತಂಡದ ಇನ್ನೊಬ್ಬ ಗೆಳತಿಯ ಕೈ ಸೇರಿತು.