ಅತ್ತೆಯ ಮಗ

ಅಕನೀಸಿ ತೆಂಗಿನಕಾಯಿ ತುರಿಯುತ್ತಿದ್ದಳು. ಚಾಪೆಯ ಮೇಲೆ ಅಜ್ಜಿ, ಅತ್ತೆ, ಶಾಲೆಯ ಮೇಷ್ಟ್ರು ಕೂತಿದ್ದರು. ಕಾಯಿ ಬರಿದಾದ ಮೇಲೂ ಅವಳು ಚಿಪ್ಪನ್ನೇ ಕೆರೆಯುತ್ತಿದ್ದಳು.

“ಸಾಕು ಬಿಡು,” ಎಂದಳು ಅಜ್ಜಿ.

ಅಲೇಸಿ ಅತ್ತೆ ತನ್ನ ಮಗ ಸೆಮೇಸಾನ ಗದ್ದ ಹಿಡಿದು ಮೇಷ್ಟ್ರ ಕಡೆ ತಿರುಗಿಸಿದಳು. ಹುಡುಗನ ತುಟಿ ಒಡೆದು ಊದಿತ್ತು. ಗಂಡ ತೀರಿಕೊಂಡ ಮೇಲೆ ಬೇರೆ ದ್ವೀಪದಿಂದ ತವರಿಗೆ ಬಂದವಳು ಅವಳು, ಇರುವವನು ಇವನೊಬ್ಬನೇ.

“ಅತ್ತೆ ಮಗ ಅಂತ ಗೇಲಿ ಮಾಡ್ಲಿ, ಕೂದಲು ಎಳೀಲಿ, ಬೇಡ ಅಂದೋರ್ಯಾರು? ನಾನೂ ನನ್ನ ಮಾವನ ಮಗನ್ನ ಸಮುದ್ರಕ್ಕೆ ತಳ್ಳಿದೋಳೇ. ಇದು ಆಟಾನಾ ಮೇಷ್ಟ್ರೇ?”

“ಬೇರೆ ಯಾರ ಮೈಯನ್ನೂ ಇವಳು ಮುಟ್ಟಲ್ಲ,” ಎಂದರು ಪೆನಾಯಾ ಮೇಷ್ಟ್ರು. “ಇವನೊಬ್ಬನ್ನೇ. ಅದೂ ಎಲ್ಲರ ಎದುರಿಗೇ. ಇಬ್ಬರೂ ನಕ್ಕರೆ ಕೆನ್ನೇಲಿ ಒಂದೇ ಥರ ಗುಳಿ ಬೀಳುತ್ತೆ ಅಂತ ಯಾವಳೋ ಹುಡುಗಿ ಅಂದಳಂತೆ. ‘ಈ ಗೆಣಸುಮೂತಿಗೂ ನನಗೂ ಹೋಲಿಕೇನಾ?’ ಅಂತ ಗುದ್ದಿದಾಳೆ. ಅವತ್ತಿನಿಂದ ಶುರು.”

ಸೆಮೇಸಾ ಊದಿದ ತುಟಿಯಲ್ಲೇ ಕಿಸಕ್ಕನೆ ನಕ್ಕ. “ಹೋಗೇ ಒಣಮೀನು! ಸೊಳ್ಳೆ ಕಚ್ಚಿದ ಹಾಗಿತ್ತು.”

ಅಕನೀಸಿಯ ಬಾಯಂಚು ಅಲುಗಿತು. ತಕ್ಷಣ ಬಿಗಿದುಕೊಂಡಳು.

“ಯಾಕೆ ಹೊಡೆದೆ?” ಎಂದಳು ಅತ್ತೆ.

ಅವಳು ಚಿಪ್ಪನ್ನು ಕೆಳಗಿಟ್ಟಳು.

“ಹಂಗಾದ್ರೆ ನಾಳೆ ದೋಣೀಲೇ ಇವನನ್ನ ಸುವಾ ಪಟ್ಟಣಕ್ಕೆ ಕರ್ಕೊಂಡು ಹೋಗ್ತೀನಿ,” ಎಂದಳು ಅತ್ತೆ. “ಮತ್ತೆ ಇವನ ಮುಖ ನೋಡಲ್ಲ ನೀನು.”

“ಬೇಡ ಅತ್ತೆ! ಇನ್ನು ಹೊಡೆಯಲ್ಲ. ನಿನ್ನಾಣೆ.”

“ಹೋದ ವಾರಾನೂ ಇದೇ ಆಣೆ ಇಟ್ಟಿದ್ದೆ.”

ಅಜ್ಜಿ ಮೆಲ್ಲಗೆ ಅಂದಳು: “ಯಾರೂ ಎಲ್ಲಿಗೂ ಹೋಗೋದು ಬೇಡ. ಇವಳ ಕೈ ನಿಲ್ಲಿಸೋ ದಾರಿ ನನಗೆ ಗೊತ್ತು.”

“ಅಮ್ಮಾ, ಬೇಡ,” ಎಂದಳು ಅತ್ತೆ.

“ಎಷ್ಟು ದಿನ ಮುಚ್ಚಿಡ್ತೀಯ? ಕೇಳು ಅಕನೀಸಿ. ಇವನು ನಿನ್ನ ಅತ್ತೆ ಮಗ ಅಲ್ಲ. ನಿಮ್ಮವ್ವ ಹೆತ್ತವನು. ಅಲೇಸಿ ಮಡಿಲು ಬರಿದು ಅಂತ ಹಸುಗೂಸನ್ನೇ ಕೊಟ್ವಿ. ನಿನ್ನ ಒಡಹುಟ್ಟಿದ ಅಣ್ಣ. ಇನ್ನು ನಮ್ಮ ದ್ವೀಪದ ಎಲ್ಲ ಅಣ್ಣ ತಂಗೀರು ಇರೋ ಹಾಗೇ ಇರ್ಬೇಕು. ಮುಟ್ಟೋ ಹಾಗಿಲ್ಲ, ಗೇಲಿ ಇಲ್ಲ, ಒಬ್ಬರಿಗೊಬ್ಬರು ಮಾತಿಲ್ಲ. ಸಾಯೋತನಕ.”

ಸೆಮೇಸಾನ ನಗು ಹೋಯಿತು. ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ಊರಿನ ಗಂಡುಮಕ್ಕಳೆಲ್ಲ ಕಲಿತದ್ದೇ ಅದು. ಎದ್ದ. ತಲೆ ತಗ್ಗಿಸಿದ. ಅವಳಿಗೆ ಬೆನ್ನು ಮಾಡಿ ಬಾಗಿಲ ಬಳಿ ಕೂತ.

ಮೇಷ್ಟ್ರು ಸಮಾಧಾನದ ಉಸಿರು ಬಿಟ್ಟರು. ಪಾಪ, ಹುಡುಗಿಗೆ ಗೊತ್ತಿರಲಿಲ್ಲ ಎಂದುಕೊಂಡರು.

“ಅವ್ವ ಸಾಯೋ ಮುಂಚೇನೇ ನನಗೆ ಹೇಳಿದ್ಲು,” ಎಂದಳು ಅಕನೀಸಿ, ಆ ಬೆನ್ನಿಗೆ. “ಹೊಡೀತಾ ಇದ್ರೆ ಅಣ್ಣ ತಂಗಿ ಅಂತ ಯಾರಿಗೂ ಅನುಮಾನ ಬರಲ್ಲ ಅಂದ್ಕೊಂಡೆ. ಸೆಮೇಸಾ, ಒಂದೇ ಒಂದ್ಸಲ ನನ್ನ ಬೈಯೋ.”