ಚನ್ನವೀರ ಎರವಲು ತಂದ ಬೀಸುವ ಪದ

ಗಂಡ ಚನ್ನವೀರನ ಮಣ್ಣಿಗೆ ಬಂದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಗ್ಗೆ ವಿಶಾಲಾಕ್ಷಿ ಹಾಲು ಕಾಯಿಸುತ್ತ, ತನಗರಿವಿಲ್ಲದೆ ಬೀಸುವ ಪದವೊಂದನ್ನು ಗುನುಗಿದಳು. ಅವನು ಜಾನಪದ ಸಂಘದಿಂದ ಎರವಲು ತಂದಿದ್ದ ಪದ ಅದು. ಯಾವ ಹಾಡಾದರೂ ಒಂದು ಸಲಕ್ಕೆ ಒಬ್ಬರ ಗಂಟಲಲ್ಲಷ್ಟೇ ಇರುತ್ತದೆ; ಹಾಡುಗಾರ ತೀರಿಕೊಂಡರೆ ಮನೆಯವರ ಗಂಟಲಿಗೆ ಬರುತ್ತದೆ. ಇನ್ನೊಬ್ಬರ ಕಿವಿಗೆ ಬಾಯಿಟ್ಟು ಹಾಡಿದರೆ ಅವರದಾಗುತ್ತದೆ, ಹಾಡಿದವರಿಗೆ ಮರೆತುಹೋಗುತ್ತದೆ.

ಅಷ್ಟರಲ್ಲಿ ಸಂಘದ ಹಿರಿಯಳು ತಂಗೆವ್ವ ಬಂದಳು.

"ಐತವಾರ ಊರ ಮಂದಿನ್ನ ಕೂಡಿಸಿ ಹಾಡೂದೈತಿ ಯವ್ವಾ. ಈ ಪದಾ ಇಲ್ಲದ ಸುರು ಮಾಡಾಕ ಬರೂದಿಲ್ಲ. ಎಂಟ ದಿನಕ್ಕಂತ ಒಯ್ದು ಎಂಟ ತಿಂಗಳ ಇಟಗೊಂಡಾನ ನೋಡು, ಕಳ್ಳ!"

ವಿಶಾಲಾಕ್ಷಿಗೆ ನಗು ಬಂತು. ಇಷ್ಟು ದಿನ ಅಳುವೂ ಬಂದಿರಲಿಲ್ಲ.

"ಆಯಿ, ಕಡೀ ನುಡಿ ಅವ್ರು ಕಟ್ಟಿ ಸೇರಿಸಿದ್ದು. ನನ್ನ ಮ್ಯಾಲಿಂದು."

"ಗೊತ್ತೈತಿ. ಅದನ್ನ ಬಿಟ್ಟ ಹಾಡು. ಸಂಘದ್ದು ಸಂಘಕ್ಕ ಬರಲಿ, ನಿಂದು ನಿನ್ನ ಹತ್ರ ಇರಲಿ."

ವಿಶಾಲಾಕ್ಷಿ ಒಲೆ ಆರಿಸಿದಳು. ಇಟ್ಟುಕೊಂಡರೆ ಆ ನುಡಿ ಈ ಅಡುಗೆಮನೆ ದಾಟುವುದಿಲ್ಲ. ಕೊಟ್ಟರೆ ತನ್ನ ಬಾಯಲ್ಲಿ ಒಂದಕ್ಷರವೂ ಉಳಿಯುವುದಿಲ್ಲ.

"ಐತವಾರ ಹಾಡೋರು ಯಾರು?"

"ನಾನ."

"ಹಂಗಾದ್ರ ಕಡೀ ನುಡಿನೂ ಹಾಡ್ರಿ. ಅವ್ರು ಊರ ಮುಂದ ಹಾಡಾಕಂತನ ಕಟ್ಟಿದ್ದು. ನಾ ಮುಂದಿನ ಸಾಲಿನಾಗ ಕುಂತು ಕೇಳ್ತೀನಿ."

ತಂಗೆವ್ವ ಸೆರಗು ಸರಿಸಿ ಕಿವಿಯೊಡ್ಡಿದಳು. ವಿಶಾಲಾಕ್ಷಿ ಮೊದಲಿನಿಂದ ಹಾಡಿದಳು. ಕೊನೆಯ ನುಡಿಯಲ್ಲಿ ತನ್ನ ಹೆಸರು ಬಂದಾಗಲೂ ದನಿ ತಗ್ಗಿಸಲಿಲ್ಲ.