ಬಿಟ್ಟಿ ಕಾಲಾಳು

ಜೋಡಿ ಹಾಕುವ ಕಂಪ್ಯೂಟರಿಗೆ ಅಪ್ಪ, ಮಗಳು ಎಂಬ ದಾಕ್ಷಿಣ್ಯವೆಲ್ಲಿ? ಒಂಟಿಕೊಪ್ಪಲಿನ ಸಮುದಾಯ ಭವನದಲ್ಲಿ ನಡೆಯುತ್ತಿದ್ದ ಮುಕ್ತ ಚೆಸ್ ಪಂದ್ಯಾವಳಿಯ ಕೊನೆಯ ಸುತ್ತಿನಲ್ಲಿ ಅದು ಪಿಯುಸಿ ಓದುವ ಗಗನಳನ್ನು ತಂದು ಕೂರಿಸಿದ್ದು ಅವಳ ಅಪ್ಪ ಶಿವಶಂಕರನ ಎದುರಿಗೆ. ನೋಡಿದವರೆಲ್ಲ ನಕ್ಕರು. ಯಾರೋ ಫೋಟೋ ತೆಗೆದರು. ಗಗನಳ ಬಾಯಿ ಒಣಗಿತ್ತು.

ಸೋತರೆ ರಾಜ್ಯ ತಂಡದ ಆಸೆ ಬಿಡಬೇಕು. ಗೆದ್ದರೆ ಸಂಜೆ ಅಪ್ಪನ ಸ್ಕೂಟರಿನಲ್ಲೇ ಕುಂಬಾರಕೊಪ್ಪಲಿನ ಮನೆಗೆ ಹೋಗಬೇಕು. ಅಮ್ಮ ಸರೋಜಮ್ಮನಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ನೀರು ಕುಡಿಸುವ ನೆಪದಲ್ಲಿ ಮಗಳನ್ನು ಬಾಗಿಲ ಬಳಿ ಕರೆದು, "ಸೋತ್ಬುಡು ಕಣಮ್ಮ, ಮುಂದಿನ್ ವರ್ಷ ನೋಡ್ಕೊಂಡ್ರಾಯ್ತು," ಎಂದಳು.

ಗಗನಳದು ಬಿಳಿ ಕಾಯಿ. ಮೊದಲು ರಾಜನ ಮುಂದಿನ ಕಾಲಾಳು, ಆಮೇಲೆ ಕುದುರೆ, ಒಂಟೆ. ಅಪ್ಪ ಎಂದಿನಂತೆ ತನ್ನ ಕುದುರೆಯನ್ನು ಮುಂದಕ್ಕೆ ನೆಗೆಸಿ, ಒಂದು ಕಾಲಾಳನ್ನು ಕಾವಲಿಲ್ಲದೆ ಬಿಟ್ಟ. ಬಿಟ್ಟಿ ಸಿಕ್ಕಿತೆಂದು ಅದನ್ನು ಕಡಿದರೆ ಕಪ್ಪು ಮಂತ್ರಿ ನುಗ್ಗಿ ಬಂದು ಆಟ ಕೆಡಿಸುತ್ತದೆ. ಮನೆಯಲ್ಲಿ ಗಗನ ಪ್ರತಿ ಭಾನುವಾರ ಈ ಬಲೆಗೆ ಬೀಳುತ್ತಿದ್ದಳು. ಅಪ್ಪ ತೊಡೆ ತಟ್ಟಿ ನಗುತ್ತಿದ್ದ, ಎಲ್ಲರಿಗೂ ಮಸಾಲೆದೋಸೆ ತರಿಸುತ್ತಿದ್ದ. ಒಂದು ಸಲ ಮಾತ್ರ ಅವಳು ಬೀಳಲಿಲ್ಲ. ಆವತ್ತು ಅಮ್ಮ ಎದ್ದು ಬೀದಿ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿದ್ದಳು.

ಗಗನಳ ಕೈ ಆ ಕಾಲಾಳಿನವರೆಗೂ ಹೋಗಿ ನಿಂತಿತು. ಮುಟ್ಟಿದರೆ ಕಡಿಯಲೇಬೇಕು, ಅದು ನಿಯಮ. ಗಾಜಿನ ಬಾಗಿಲಾಚೆ ನಿಂತ ಅಮ್ಮ, ಮುಟ್ಟು, ಮುಟ್ಟು ಎಂಬಂತೆ ತಲೆ ಆಡಿಸುತ್ತಿದ್ದಳು. ಆದರೂ ಯಾಕೋ, ಇಷ್ಟು ಜನರ ಮುಂದೆ ಸುಳ್ಳೇ ಸೋಲುವುದಕ್ಕೆ ಅವಳಿಗೆ ನಾಚಿಕೆಯಾಯಿತು. ಕಾಲಾಳಿನ ತಂಟೆಗೆ ಹೋಗದೆ, ಕುದುರೆಯಿಂದ ಅಪ್ಪನ ಕುದುರೆಯನ್ನು ಕಡಿದು ಗಡಿಯಾರ ಒತ್ತಿದಳು.

ಅಪ್ಪ ಮಣೆಯಿಂದ ತಲೆ ಎತ್ತಿದ. "ಇದು ನಿಂಗೆ ಆವತ್ತೇ ಗೊತ್ತಿತ್ತಾ?" ಎಂದ, ತಗ್ಗಿದ ದನಿಯಲ್ಲಿ.

"ಮೊದ್ಲಿಂದ್ಲೂ ಗೊತ್ತಿತ್ತಪ್ಪ."

ಬಲೆ ಹರಿದ ಮೇಲೆ ಶಿವಶಂಕರನ ಬಳಿ ಬೇರೆ ಆಟವಿರಲಿಲ್ಲ. ಆನೆ ಹೋಯಿತು, ಸ್ವಲ್ಪ ಹೊತ್ತಿಗೆ ಮಂತ್ರಿಯೂ ಹೋಯಿತು. ಅವನ ಕಿವಿ ಕೆಂಪಾಗುತ್ತಿದ್ದುದು ಗಗನಳಿಗೆ ಕಾಣುತ್ತಲೇ ಇತ್ತು. ಕೊನೆಗೆ ಅವನು ತನ್ನ ರಾಜನನ್ನು ಮಲಗಿಸಿ ಎದ್ದುನಿಂತ. ಸುತ್ತ ಸೇರಿದ್ದವರು ಚಪ್ಪಾಳೆ ತಟ್ಟಿದರು. ಸೋತವರು ಗೆದ್ದವರ ಕೈ ಕುಲುಕುವುದು ವಾಡಿಕೆ. ಅಪ್ಪ ಮೇಜಿನ ಮೇಲಿನಿಂದ ಕೈ ಮುಂದೆ ಮಾಡಿದ.

ಗಗನ ತಟ್ಟನೆ ಎರಡೂ ಮೊಳಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿದಳು. ಚಪ್ಪಾಳೆ ನಿಂತುಹೋಯಿತು.